ಜಡೆ ತುಳಿಯುವ ಪಾಠ

ಕೋವಿಡ್ ಕಳೆದ ಎರಡನೆಯ ವರ್ಷ. ವೆಸ್ಟ್‌ಮಂಟ್‌ನ ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲಿ ನಾನಿನ್ನೂ ಭರತನಾಟ್ಯ ಕಲಿಸುತ್ತಿದ್ದೆ. ಆರನೇ ವಯಸ್ಸಿನಿಂದ ಹದಿನೈದು ವರ್ಷ ತಿದ್ದಿ ತೀಡಿದ ನಿಧಿ, ಪಕ್ಕದೂರು ಲೊಂಬಾರ್ಡ್‌ನ ಮೈಸೂರು ದಂಪತಿಯ ಮಗಳು, ಆ ವರ್ಷ ನನ್ನನ್ನು ಬಿಟ್ಟು ಡೆಟ್ರಾಯಿಟ್ ಪಕ್ಕದ ಡ್ಯಾನ್ಸ್ ಥಿಯೇಟರ್ ತಂಡವೊಂದಕ್ಕೆ ಸೇರಿದಳು. ಅದನ್ನು ನಡೆಸುತ್ತಿದ್ದವರು ಲೊರೆಟಾ, ಮಿಷಿಗನ್‌ನ ಒಜಿಬ್ವೆ ಮೂಲನಿವಾಸಿ ಸಮುದಾಯದವರು. ಫೋನ್ ಮಾಡಿದಾಗಲೆಲ್ಲ "ಲೊರೆಟಾ ಹೀಗಂದ್ರು, ಲೊರೆಟಾ ಹಾಗಂದ್ರು." ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಅವರ ಹೊಸ ನೃತ್ಯನಾಟಕ ಬೋರ್ಡಿಂಗ್ ಶಾಲೆಗಳ ಬಗ್ಗೆ. ಇಲ್ಲಿನ ಸರ್ಕಾರವೂ ಚರ್ಚುಗಳೂ ಒಂದು ಕಾಲದಲ್ಲಿ ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ಒಯ್ದು ಇಂಥ ಶಾಲೆಗಳಲ್ಲಿಟ್ಟವು. ಬಂದ ಮಕ್ಕಳ ಜಡೆ ಕತ್ತರಿಸುತ್ತಿದ್ದರು, ತಾಯ್ನುಡಿ ಆಡಿದರೆ ಹೊಡೆಯುತ್ತಿದ್ದರು. ಮಕ್ಕಳ ಪಾತ್ರಗಳಿಗೆಲ್ಲ ಆ ಸಮುದಾಯದ ಕಲಾವಿದರೇ ಇದ್ದರು. ಜಡೆ ಕತ್ತರಿಸುವ ಮೇಟ್ರನ್, ಅಂದರೆ ಹಾಸ್ಟೆಲಿನ ವಾರ್ಡನಮ್ಮ ಆಗಲು ಮಾತ್ರ ಅವರಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅದು ನಿಧಿಯ ಪಾಲಿಗೆ ಬಂತು.

ಪ್ರದರ್ಶನಕ್ಕೆ ವಾರವಿದ್ದಾಗ ಲೊರೆಟಾ ನನಗೆ ಫೋನ್ ಮಾಡಿದರು. ಕತ್ತರಿಸಿ ಬಿಸಾಡಿದ ಜಡೆಯನ್ನು ನಿಧಿ ತುಳಿದು ನಡೆಯಬೇಕು. ಆದರೆ ಕಾಲು ತಾಕಿದ್ದೇ ತಡ, ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ! ಎಷ್ಟು ಸಲ ಮಾಡಿಸಿದರೂ ಅಷ್ಟೇ. ಹೀಗೇ ಆದರೆ ಆ ಪಾತ್ರವನ್ನು ತಾವೇ ಮಾಡಬೇಕಾಗುತ್ತದೆ ಎಂದರು. "ನೀವು ಕಲಿಸಿದ್ದು, ನೀವೇ ಬಂದು ಬಿಡಿಸಿ."

ಅಬ್ಬಾ, ನನಗಾದ ಖುಷಿ! ಹುಡುಗಿ ಅವರ ತಂಡದಲ್ಲಿದ್ದರೂ ಅವಳ ಕಾಲು ಇನ್ನೂ ನನ್ನ ಮಾತನ್ನೇ ಕೇಳುತ್ತಿತ್ತು. ಐ-94 ಹೆದ್ದಾರಿಯಲ್ಲಿ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡುತ್ತಾ ಲೆಕ್ಕ ಹಾಕಿದ್ದು ಒಂದೇ: ಇದು ಆಗುವ ಮಾತಲ್ಲ ಎಂದು ಹೇಳಿ, ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ವಾಪಸ್ ಬರುವುದು.

ರಿಹರ್ಸಲ್ ಹಾಲ್‌ನಲ್ಲಿ ನಿಧಿ ಮುಖ ಬಾಡಿಸಿಕೊಂಡು ಕೂತಿದ್ದಳು.

"ಟ್ರೈ ಮಾಡ್ತಾನೇ ಇದೀನಿ ಆಂಟಿ. ಐ ಜಸ್ಟ್ ಕಾಂಟ್. ಆ ಜಡೆ ಹೆಣೆದಿರೋದು ಜೋಸೆಫಿನ್ ಅಜ್ಜಿ."

ಜೋಸೆಫಿನ್ ಲೊರೆಟಾ ಅವರ ತಾಯಿ. ಚಿಕ್ಕಂದಿನಲ್ಲಿ ಅಂಥದೇ ಶಾಲೆಯಲ್ಲಿ ಜಡೆ ಕಳೆದುಕೊಂಡವರು. ಮೂಲೆಯಲ್ಲಿ ಕೂತು ಕಪ್ಪು ಉಣ್ಣೆಯಲ್ಲಿ ಇನ್ನೊಂದು ಜಡೆ ಹೆಣೆಯುತ್ತಿದ್ದರು.

"ಆಗಲ್ಲ ಅಂದ್ರೆ ಬಿಟ್ಬಿಡು ಪುಟ್ಟಾ. ನಡಿ, ಮನೆಗೆ ಹೋಗೋಣ," ಎಂದೆ.

"ನಾನು ಬಿಟ್ರೆ ಲೊರೆಟಾ ಮಾಡ್ಬೇಕು. ಅವರಮ್ಮ ಹೆಣೆದಿದ್ದನ್ನ ಅವರೇ ತುಳೀಬೇಕಾ, ಆಂಟಿ?"

ಇಷ್ಟು ದೂರ ಬಂದ ಲೆಕ್ಕವೆಲ್ಲ ಅಲ್ಲಿಗೇ ತಲೆಕೆಳಗಾಯಿತು. ಅವಳ ಪಕ್ಕ ಕೂತು ಕೇಳಿದೆ: "ನೆಲಾನ ದಿನಾ ಅಷ್ಟು ಜೋರಾಗಿ ತುಳೀತೀಯಲ್ಲ, ಅದು ಹೇಗೆ?"

"ಮೊದ್ಲು ಭೂಮಿಗೆ ನಮಸ್ಕಾರ ಮಾಡಿ."

"ಮತ್ತೆ? ಇದಕ್ಕೂ ಮೊದಲೇ ಕ್ಷಮೆ ಕೇಳ್ಕೋ. ತುಳಿಯೋ ಹೊತ್ತಿಗೆ ಬರೀ ತುಳಿ."

ಪ್ರದರ್ಶನದ ದಿನ ವೇದಿಕೆಯ ಪಕ್ಕದಲ್ಲಿ ನನಗೂ ಜೋಸೆಫಿನ್‌ಗೂ ಕುರ್ಚಿ ಹಾಕಿದ್ದರು. ರಂಗಕ್ಕೆ ಹೋಗುವ ಮೊದಲು ಶಿಷ್ಯರು ಗುರುವಿನ ಕಾಲಿಗೆ ಬೀಳುವುದು ನಮ್ಮ ಪದ್ಧತಿ. ನಾನು ಸೀರೆಯ ನಿರಿಗೆ ಸರಿಮಾಡಿಕೊಂಡು ಕಾಲು ಮುಂದಿಟ್ಟೆ. ಮೇಟ್ರನ್ನಿನ ಬೂದು ಗೌನಿನಲ್ಲಿ ಬಂದ ನಿಧಿ ನನ್ನನ್ನು ದಾಟಿ ಹೋಗಿ ಜೋಸೆಫಿನ್‌ರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುದುಕಿ ಬೆಚ್ಚಿದರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ, "ಹೋಗು, ಗಟ್ಟಿಯಾಗಿ ತುಳಿ. ಎಲ್ಲರೂ ನೋಡಲಿ," ಎಂದರು.

ನನ್ನ ಹೊಟ್ಟೆಯೊಳಗೆ ಕೆಂಡ. ಆ ಹೊತ್ತಿನಲ್ಲೂ! ಅಷ್ಟರಲ್ಲಿ ನಿಧಿ ರಂಗದ ಮೇಲೆ ಜಡೆ ಕತ್ತರಿಸಿ, ಬಿಸಾಡಿ, ಹಿಮ್ಮಡಿ ಊರಿ ತುಳಿದು ಹಿಂದೆ ನೋಡದೆ ನಡೆದಳು. ಜೋಸೆಫಿನ್ ನನ್ನ ಮುಂಗೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದರು. ಪರದೆ ಬೀಳುವವರೆಗೂ ಬಿಡಲಿಲ್ಲ.

ಆ ನಮಸ್ಕಾರ ನನಗೆ ಬರಲಿಲ್ಲವೆಂಬ ಉರಿ ಇವತ್ತಿಗೂ ಆರಿಲ್ಲ, ಆರುವುದೂ ಬೇಡ. ಇಷ್ಟು ವರ್ಷದ ಕಸುಬು ನನಗೆ ಕಲಿಸಿದ್ದು ಇಷ್ಟೇ: ಪಾಠ ಸರಿಯಾಗಿ ಇಳಿದಿದ್ದರೆ ಶಿಷ್ಯೆ ಒಂದು ದಿನ ನಮ್ಮನ್ನು ದಾಟಿ ಹೋಗುತ್ತಾಳೆ. ಆಗ ಮುಂದಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡು ದಾರಿ ಬಿಡಬೇಕು.