ಮೊದಲು ಕುಡಿಸು, ಆಮೇಲೆ ಕುತ್ತಿಗೆ ಕೊಡು

ಅವನ ಎಡಗೈ ಹೆಬ್ಬೆರಳು ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿರುತ್ತಿತ್ತು. ದವಡೆಯ ಕೆಳಗೆ ಅದನ್ನು ಒತ್ತಿ ಮುಖವನ್ನು ಸೂರಿನತ್ತ ಎತ್ತಿ ಹಿಡಿದನೆಂದರೆ ಮೊದಲು ಪಟಿಕದ ವಾಸನೆ ಮೂಗಿಗೆ ಬರುತ್ತಿತ್ತು, ಆಮೇಲೆ ಕಿವಿಯ ಹತ್ತಿರ ಎಲ್ಲೋ ಕತ್ತಿ ಚರ್ ಎನ್ನುತ್ತಿತ್ತು. ಆ ಎಡಗೈ ಎಂದೂ ಅಲುಗಿದ್ದಿಲ್ಲ. ನಡುಗುತ್ತಿದ್ದದ್ದು ಬಲಗೈ. ಕತ್ತಿ ಇರುತ್ತಿದ್ದದ್ದು ಅದರಲ್ಲಿ.

ಶಿಡ್ಲಘಟ್ಟದಲ್ಲಿ ಅವನು ಎಲ್ಲರಿಗೂ ಮಾಮ. ಬಸ್‌ಸ್ಟ್ಯಾಂಡಿನ ಪಕ್ಕದ ಸಂದಿಯಲ್ಲಿ, ರೇಷ್ಮೆ ನೂಲು ತೆಗೆಯುವ ಚರಕದ ಮನೆಗಳ ಸಾಲಿನ ಕೊನೆಗೆ ಅವನ ಕ್ಷೌರದಂಗಡಿ. ಗೂಡು ಬೇಯಿಸಿದ ಹಬೆ ಬೆಳಿಗ್ಗೆಯಿಂದಲೇ ಆ ಸಂದಿಗೆ ಇಳಿದು, ಅಂಗಡಿಯ ಕನ್ನಡಿಯನ್ನು ಮಸುಕು ಮಾಡುತ್ತಿತ್ತು. ಸತ್ತ ಹುಳದ ವಾಸನೆಗೆ ನಮಗೆಲ್ಲ ಮೂಗು ಒಗ್ಗಿಹೋಗಿತ್ತು. ನನಗಾಗ ಇಪ್ಪತ್ತರ ಮೇಲೆ ವಯಸ್ಸು. ಅಪ್ಪನಿಗೆ ಜಮೀನಿತ್ತು, ನನಗೆ ಬಾಯಿತ್ತು. ಊರಿನಲ್ಲಿ ನನ್ನ ತಮಾಷೆಗೆ ಸಿಗದೆ ಉಳಿದವರು ಇಬ್ಬರೇ, ಒಬ್ಬರು ಆಂಜನೇಯಸ್ವಾಮಿ, ಇನ್ನೊಬ್ಬಳು ನಮ್ಮಜ್ಜಿ. ಮಂಚೇನಹಳ್ಳಿಯಿಂದ ಬಂದ ಒಬ್ಬ ಮದುವೆ ಗಂಡಿಗೆ, ನಮ್ಮೂರ ಪದ್ಧತಿಯಲ್ಲಿ ಒಂದು ಹುಬ್ಬು ಬೋಳಿಸಿ ಕಳಿಸುತ್ತಾರೆ ಅಂತ ಗಂಭೀರವಾಗಿ ಹೇಳಿ, ಅವನು ಸೋಪು ಮೆತ್ತಿದ ಮುಖದಲ್ಲೇ ಬಸ್ಸು ಹತ್ತುವ ಹಾಗೆ ಮಾಡಿದವನು ನಾನು. ಮಾಮ ಅವತ್ತು ಬಾಗಿಲಿಗೆ ಒರಗಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡ.

"ನಿನ್ನಿಂದ ಗಿರಾಕಿ ಹೋಯ್ತು ನಾಯ್ನಾ," ಅಂದ. ನಾಯ್ನಾ ಅನ್ನುವುದು ತೆಲುಗಿನಲ್ಲಿ ಮಗನನ್ನು ಕರೆಯುವ ಅಕ್ಕರೆ. "ಹೋಗ್ಲಿ ಬಿಡು. ಅವ್ನ ಮೀಸೇನೂ ಅಂಥಾದ್ದೇನಿರ್ಲಿಲ್ಲ."

ಅವನು ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಿದ್ದು ಕಡಿಮೆ.

ಮೊದಲ ಸಲ ಅದು ಬಂದದ್ದು ಶೇಕದಾರರ ಮುಖದ ಮೇಲೆ. ಕಂದಾಯದ ಸಾಹೇಬರು, ಕತ್ತಿನಲ್ಲಿ ಟವೆಲು, ಅರ್ಧ ಗಡ್ಡ ಆಗಿತ್ತು. ಗಂಟಲಿನ ಹತ್ತಿರಕ್ಕೆ ಬಂದ ಕತ್ತಿ ಅಲ್ಲೇ ನಿಂತಿತು. ಮಾಮ ಅದನ್ನು ಮೆಲ್ಲಗೆ ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಹೊಸ್ತಿಲ ಮೇಲೆ ಹೋಗಿ ಕೂತ. ಮುಖ ಬೂದಿಯಾಗಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಎದೆ ಹಿಡ್ಕೊಂಡದೆ. ಉಸ್ರು ಒಳಕ್ಕೆ ಹೋಗ್ತಿಲ್ಲ. ನಾನು ಹೋದೆ ಕಣಪ್ಪ," ಅಂದ.

ಬೆಂಚಿನ ಮೇಲೆ ಕಾಯುತ್ತಿದ್ದ ನಾನು ಅವನ ಕೈ ಹಿಡಿದೆ. ನಾಡಿ ಬಲೆಗೆ ಸಿಕ್ಕ ಗುಬ್ಬಿಯ ಹಾಗೆ ಬಡಿಯುತ್ತಿತ್ತು. ಶೇಕದಾರರ ಮುಖದ ಮೇಲೆ ಸೋಪು ಒಣಗಿ ಬಿರುಕುಬಿಟ್ಟಿತು. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಮಾಮ ಎದ್ದು ನೀರು ಕುಡಿದ, ಮತ್ತೆ ಕತ್ತಿ ಹಿಡಿಯಲು ಹೋದ, ಶೇಕದಾರರು ಅಷ್ಟರಲ್ಲಿ ರಸ್ತೆಯಲ್ಲಿದ್ದರು.

ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು, ಹೃದಯ ಗಟ್ಟಿಯಾಗಿದೆ, ಹೋಗು ಅಂದರು. ಮಾಮನ ಹೆಂಡತಿ ಇದು ಗಾಳಿ ಅಂದಳು, ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದಳು. ಗಾಳಿಗೆ ತಾಯಿತದ ಹೆದರಿಕೆ ಇದ್ದಂತೆ ಕಾಣಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದದ್ದು ಎರಡು ಸಲ ಬಂತು. ಯಾರೋ ಒಂದು ಲೋಟ ಈಚಲ ಹೆಂಡ ಕುಡಿಸಿದರು. ಆಗ ಪಾನನಿರೋಧ ಅಂತ ಹೆಸರಿತ್ತು, ಹೆಂಡ ಮಾತ್ರ ಎಲ್ಲ ತೋಪಿನಲ್ಲೂ ಇತ್ತು. ಆ ಲೋಟ ಒಳಗೆ ಹೋದ ಕೂಡಲೇ ಮಾಮನ ಹೆಗಲು ಇಳಿಯಿತು, ಕೈಯ ನಡುಕ ನಿಂತಿತು. ಕತ್ತಿ ನೀರಿನಲ್ಲಿ ಮೀನು ಓಡಿದ ಹಾಗೆ ಓಡಿತು.

ಅಷ್ಟೇ ಬೇಕಾಗಿತ್ತು ನಮ್ಮೂರಿಗೆ. ಮಾಮನ ಕೈಗೆ ಔಷಧ ಸಿಕ್ಕಿತು ಅಂತ ಸುದ್ದಿಯಾಯಿತು. ಕ್ಷೌರಕ್ಕೆ ಬರುವವರು ತಾವೇ ಸೀಸೆ ತರಲು ಶುರು ಮಾಡಿದರು. ಕುಡಿತ ಬಿಡಿ ಅಂತ ಶಾಲೆಯಲ್ಲಿ ಭಾಷಣ ಮಾಡುತ್ತಿದ್ದ ಮೇಷ್ಟ್ರು ಮಡಿಸಿದ ಛತ್ರಿಯೊಳಗೆ ಸೀಸೆ ಇಳಿಬಿಟ್ಟುಕೊಂಡು ಬರುತ್ತಿದ್ದರು. "ಕುಡಿಯಪ್ಪ ಬೇಗ, ಬೆಲ್ ಹೊಡಿಯೋ ಹೊತ್ತಾಯ್ತು," ಅನ್ನುತ್ತಿದ್ದರು, ಗೋಡೆ ಕಡೆ ತಿರುಗಿಕೊಂಡು. ದೇವರಿಗೆ ಕಾಯಿ ಒಡೆದು ಕೈಮುಗಿದ ಹಾಗೆ, ಮಾಮನಿಗೆ ಲೋಟ ಕೊಟ್ಟು ಕುರ್ಚಿಯಲ್ಲಿ ಕೂರುವುದು ರೂಢಿಯಾಯಿತು. ಮೊದಲು ಕುಡಿಸು, ಆಮೇಲೆ ಕುತ್ತಿಗೆ ಕೊಡು ಅನ್ನುವ ಮಾತು ದಿಬ್ಬೂರಹಳ್ಳಿಯವರೆಗೂ ಹೋಯಿತು. ಆ ಗಾದೆ ಕಟ್ಟಿದವನು ನಾನೇ. ನನ್ನ ಗಾದೆಗಳು ನಡೆದುಕೊಂಡು ಹೋಗುವುದಿಲ್ಲ, ಬಸ್ಸು ಹತ್ತಿ ಹೋಗುತ್ತವೆ.

ಎರಡು ವರ್ಷದೊಳಗೆ ಮಾಮನ ಕಣ್ಣಿನ ಕೆಳಗೆ ಚೀಲ ಬಂತು. ಸಂಜೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಬೀಗದ ಕೈ ತೂತಿಗೆ ಸೇರಿಸಲಾರ. ಬಸ್ಸಿನ ಹಾರ್ನು ಕೂಗಿದರೆ ಮೈಯೆಲ್ಲ ಎಗರುತ್ತಿತ್ತು. ಗಿರಾಕಿ ಬರುವ ಮೊದಲೇ ಕತ್ತಿಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮೇಲೆ ತಾನು ಕೂತಿರುತ್ತಿದ್ದ. ಒಳಗಿರುವುದೇನೋ ಎದ್ದು ಬಂದೀತು ಅನ್ನುವ ಹಾಗೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ. ನಾನು ಎಂದಿನಂತೆ, "ಏನ್ ಮಾಮ, ಮೊಟ್ಟೆ ಮೇಲೆ ಕಾವು ಕೂತಂಗೆ ಕೂತಿದೀಯ, ಯಾವಾಗ ಮರಿ ಮಾಡ್ತೀಯ," ಅಂದೆ.

ಅವನು ನಗಲಿಲ್ಲ.

"ನಾಯ್ನಾ, ಒಂದ್ ಮಾತು ಹೇಳ್ತೀನಿ, ತಮಾಷೆ ಮಾಡ್ಬೇಡ. ಎದೆ ನೋವಲ್ಲ ಇದು. ಕತ್ತಿ ಗಂಟಲ ಮೇಲಿಟ್ಟಾಗ, ಈ ಕೈ ತಾನೇ ಒತ್ತಿಬಿಡ್ತದೇನೋ ಅನ್ನಿಸ್ತದೆ. ನಂಗೆ ಯಾರ ಮೇಲೂ ಹಗೆ ಇಲ್ಲ. ಆದ್ರೂ ಅನ್ನಿಸ್ತದೆ. ಅನ್ನಿಸಿದ್ ತಕ್ಷಣ ಉಸ್ರು ನಿಂತೋಗ್ತದೆ."

ನಾನು ನನಗೇ ಗೊತ್ತಿಲ್ಲದೆ ಕುತ್ತಿಗೆ ಸವರಿಕೊಂಡೆ. ಅವನು ಅದನ್ನು ನೋಡಿದ.

"ಹೆಂಡ ಕುಡಿದ್ರೆ ಹೋಗ್ತದಲ್ಲ ಮಾಮ."

"ಹೋಗಲ್ಲ. ಹೆಂಡ ಭಯಾನ ಓಡ್ಸಲ್ಲ ಕಣಪ್ಪ. ಹಿತ್ಲಲ್ಲಿ ಕಟ್ಟಾಕಿ ಮೇಯಿಸ್ತದೆ. ಬೆಳಿಗ್ಗೆ ಎದ್ದು ನೋಡಿದ್ರೆ ನಿನ್ನೆಗಿಂತ ದಪ್ಪಗಾಗಿರ್ತದೆ."

ಈ ನಡುವೆ ಸಾದಲಿಯಲ್ಲಿ ತನ್ನ ಅಕ್ಕನ ಗಂಡ ತೀರಿಕೊಂಡಾಗ ಅವನು ಅಲ್ಲೇ ಕೆಲವು ದಿನ ಉಳಿದಿದ್ದನಂತೆ. ಸೂತಕದ ಮನೆ, ಕುಡಿಯುವ ಹಾಗಿಲ್ಲ. ಮೊದಮೊದಲು ನಿದ್ದೆ ಬರಲಿಲ್ಲ, ಗೋಡೆ ಹಿಡಿದುಕೊಂಡು ಓಡಾಡಿದನಂತೆ. ಆಮೇಲಾಮೇಲೆ ಎದೆ ಬಡಿತ ಸಡಿಲವಾಯಿತು. ಒಂದು ದಿನ ಅಕ್ಕನ ಮಗನಿಗೆ ತಲೆ ಬೋಳಿಸಿದ, ಕೈ ತನ್ನ ಮಾತು ಕೇಳಿತು. ಊರಿಗೆ ವಾಪಸು ಬಂದ ಬೆಳಿಗ್ಗೆಯೇ ಬಾಗಿಲಲ್ಲಿ ಛತ್ರಿ ನಿಂತಿತ್ತು.

"ಬೇಡ ಅಂದೆ ಮೇಷ್ಟ್ರಿಗೆ. ಹಂಗಾದ್ರೆ ನಾಳೆ ಬರ್ತೀನಿ ಅಂತ ಹೊಂಟೋದ್ರು. ಎಲ್ರೂ ಅಷ್ಟೇ. ಕುಡೀದೆ ಇದ್ರೆ ಯಾರೂ ಕೂರಲ್ಲ. ಕುಡಿದ್ರೆ ನಾನು ಉಳಿಯಲ್ಲ."

ನಾನು ಎದ್ದು ಕುರ್ಚಿಯಲ್ಲಿ ಕೂತೆ. ಧೈರ್ಯ ಅಂತ ಹೇಳಿಕೊಳ್ಳುತ್ತಾ ಬಂದಿದ್ದೇನೆ, ಇನ್ನೂ ಹೇಳಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಎರಡು ಕೈಯಲ್ಲೂ ಹಿಡಿಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅನ್ನುವುದು ಕುರ್ಚಿಗೆ ಮಾತ್ರ ಗೊತ್ತು.

"ನಾನು ಕೂರ್ತೀನಿ. ದಿನಾ ಕೂರ್ತೀನಿ. ನನ್ ಗಂಟ್ಲು ಹೋದ್ರೆ ಊರಿಗೆ ನಷ್ಟ ಏನಿಲ್ಲ, ಅರ್ಧ ಊರು ಹರಕೆ ಹೊತ್ತದೆ."

ಹಾಗೆ ಶುರುವಾಯಿತು. ಸಾದಲಿಯ ಸಲ ಪಟ್ಟ ಪಾಡು ನೆನೆದು ಅವನು ಒಂದೇ ಸಲಕ್ಕೆ ನಿಲ್ಲಿಸಲಿಲ್ಲ. ಲೋಟವನ್ನು ಅರ್ಧ ಮಾಡಿದ, ಅರ್ಧವನ್ನು ಗುಟುಕು ಮಾಡಿದ, ಬೆಳಗಿನದನ್ನು ಸಂಜೆಗೆ ತಳ್ಳಿದ. ನಾನು ದಿನವೂ ಹೋಗಿ ತಲೆ ವಾಲಿಸುತ್ತಿದ್ದೆ. ಗಂಟಲಿನ ಹತ್ತಿರ ಬಂದಾಗ ಕತ್ತಿಯ ಅಲಗು ಚರ್ಮದ ಮೇಲೆ ಸಣ್ಣಗೆ ಕಂಪಿಸುತ್ತಿತ್ತು. ಚರಕಗಳ ಕಿರ್ ಕಿರ್ ಶಬ್ದ ನಿಂತುಹೋದ ಹಾಗಾಗುತ್ತಿತ್ತು. ಸೂರಿನ ತೊಲೆಯಲ್ಲಿ ಒಂದು ಜೇಡ ಇತ್ತು, ಅದೂ ಅಲುಗುತ್ತಿರಲಿಲ್ಲ.

"ಮಾಮ, ನಿನ್ನೆ ನಮ್ಮಜ್ಜಿ..."

"ಬಾಯ್ ಮುಚ್ಚು. ಮಾತಾಡಿದ್ರೆ ಗಂಟ್ಲು ಕುಣೀತದೆ."

ಕೆಲವು ದಿನ ಅರ್ಧಕ್ಕೇ ಕತ್ತಿ ಇಟ್ಟು ಹೊಸ್ತಿಲಿಗೆ ಹೋಗುತ್ತಿದ್ದ. ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಕೂತಿದ್ದು, ಇಳಿದ ಮೇಲೆ ಬಂದು ಉಳಿದರ್ಧ ಮುಗಿಸುತ್ತಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಹೊಸ್ತಿಲಿಗೆ ಹೋಗುವುದು ನಿಂತಿತು. ಒಂದು ಬೆಳಿಗ್ಗೆ ಕೆಲಸ ಮುಗಿಸಿ ನನ್ನ ಕೆನ್ನೆಗೆ ಪಟಿಕ ಉಜ್ಜುತ್ತ, "ಇವತ್ತು ಅದು ಬರ್ಲೇ ಇಲ್ಲ ನಾಯ್ನಾ," ಅಂದ. ಅವನ ದನಿ ನನಗೆ ಹಿಡಿಸಲಿಲ್ಲ. ಹೊರಗೆ ನಿಂತಿರುವ ಯಾರಿಗೋ ಕೇಳಿಸಬಾರದು ಅನ್ನುವ ಹಾಗಿತ್ತು.

ಅದೇ ಮಾಗಿಯಲ್ಲಿ ನನ್ನ ಮದುವೆ. ಹೆಣ್ಣು ಗೌರಿಬಿದನೂರಿನ ಕಡೆಯವಳು. ಚಪ್ಪರದ ಕೆಳಗೆ, ನೆಂಟರೆಲ್ಲ ಸುತ್ತ ನಿಂತು ನೋಡುವಾಗ ಮದುಮಗನಿಗೆ ಕ್ಷೌರದ ಶಾಸ್ತ್ರ. ಮಾಮ ಬಿಳಿ ಪಂಚೆ ಉಟ್ಟು ಬಂದ. ಕತ್ತಿಯನ್ನು ಸಾಣೆಗೆ ಹಿಡಿದ. ಬಲಗೈ ಅಲುಗದೆ ನಿಂತಿತ್ತು. ಅಷ್ಟರಲ್ಲಿ ನಮ್ಮ ದೊಡ್ಡಪ್ಪ ಹಿತ್ತಾಳೆ ಲೋಟ ಹಿಡಿದು ಮುಂದೆ ಬಂದರು. ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ.

"ತಗೊಳ್ಳಪ್ಪ, ಮೊದ್ಲು ಇದು."

"ಬೇಡ ಗೌಡ್ರೇ. ನಾನು ಬಿಟ್ಟಿದೀನಿ."

"ಬಿಡೋದು ನಾಳೆ ಬಿಡಪ್ಪ. ಇವತ್ತು ಮದ್ಲಿಂಗನ ಗಂಟ್ಲು."

ನಾನು ಮಣೆಯಿಂದ ಎದ್ದೆ. "ದೊಡ್ಡಪ್ಪ, ಕೊಡ್ಬೇಡಿ ಅವ್ನಿಗೆ. ನಾನು ಆರು ತಿಂಗ್ಳಿಂದ ಕುಡೀದ ಕೈಗೇ ಕುತ್ಗೆ ಕೊಟ್ಟಿದೀನಿ. ಕೊಟ್ರೆ ಅವ್ನು ಉಳಿಯಲ್ಲ."

ಚಪ್ಪರವೆಲ್ಲ ಗೊಳ್ಳೆಂದಿತು. ಮದುವೆ ದಿನಾನೂ ಬಿಡಲ್ಲ ನೋಡು ಇವನು, ಅಂದರು ಯಾರೋ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಮತ್ತೆ ಹೇಳಿದೆ. ಮತ್ತೂ ನಕ್ಕರು. ಕೂಗಿ ಹೇಳಿದೆ. ಕೂಗಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಸೀಮೆಯಲ್ಲಿ ನನ್ನಷ್ಟು ಜನರನ್ನು ನಗಿಸಿದವನಿಲ್ಲ ಅಂತ ನಾನು ಹೇಳಿಕೊಳ್ಳುವುದು ಸುಳ್ಳಲ್ಲ.

ಮಾಮ ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ದೊಡ್ಡಪ್ಪನ ಚಾಚಿದ ಕೈ ನೋಡಿದ. ಗೌಡರ ಮನೆ, ನೂರು ಕಣ್ಣು, ಶುಭಕಾರ್ಯ. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಇಳಿಸಿದ. ಆಮೇಲೆ ಕ್ಷೌರ ಮಾಡಿದ. ಅಂಥ ನುಣ್ಣನೆ ಕೆಲಸ ಅವನು ತನ್ನ ಜನ್ಮದಲ್ಲಿ ಮಾಡಿರಲಿಲ್ಲ. ಬೆಣ್ಣೆ ಕಣಪ್ಪ, ಬೆಣ್ಣೆ, ಅಂದರು ದೊಡ್ಡಪ್ಪ. ಇನ್ನೊಂದು ಲೋಟ ತರಿಸಿದರು.

ಮಾರನೇ ದಿನ ಬೆಳಿಗ್ಗೆ ಮಾಮನ ಅಂಗಡಿ ತೆರೆಯಲಿಲ್ಲ. ಅದರ ಮಾರನೇ ದಿನ ತೆರೆದಾಗ ಪೆಟ್ಟಿಗೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಸೀಸೆ. ನಾನು ಕುರ್ಚಿಯಲ್ಲಿ ಕೂತೆ.

"ಏಳು ನಾಯ್ನಾ. ನಿಂಗೆ ಈಗ ಹೆಂಡ್ತಿ ಬಂದವ್ಳೆ," ಅಂದ. ಎಷ್ಟು ಹೇಳಿದರೂ ಕತ್ತಿ ತೆಗೆಯಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಅವನು ಸೀಸೆ ಇಲ್ಲದೆ ಇದ್ದ ಗಳಿಗೆಯನ್ನು ಯಾರೂ ನೋಡಲಿಲ್ಲ. ಹಬ್ಬದ ಮುಂದೆ ಒಂದು ದಿನ ತಾನೇ ನಿರ್ಧಾರ ಮಾಡಿದನಂತೆ. ಯಾರಿಗೂ ಹೇಳದೆ ಎಲ್ಲ ಸೀಸೆ ಚರಂಡಿಗೆ ಸುರಿದು, ಮನೆಯ ಒಳಕೋಣೆ ಸೇರಿ ಚಿಲಕ ಹಾಕಿಕೊಂಡ. ಸಾದಲಿಯಲ್ಲಿ ಆದದ್ದು ಇಲ್ಲೂ ಆಗುತ್ತದೆ ಅಂತ ನಂಬಿದ್ದ. ಆಗ ಕುಡಿಯುತ್ತಿದ್ದದ್ದು ಲೋಟದ ಲೆಕ್ಕ, ಈಗಿನದಕ್ಕೆ ಲೆಕ್ಕವಿರಲಿಲ್ಲ. ಎರಡನೇ ದಿನ ಗೋಡೆ ಮೇಲೆ ಹುಳ ಹತ್ತುತ್ತಿವೆ, ಗೂಡಿನಿಂದ ಹೊರಗೆ ಬರುತ್ತಿವೆ ಅಂತ ಕೂಗಿದ. ಮೈ ಸೆಟೆದು ಬಡಿದುಕೊಂಡಿತು. ಬಾಗಿಲು ಮುರಿದು ಎತ್ತಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಅಷ್ಟು ಕುಡಿಯುವವನು ಒಂದೇ ಏಟಿಗೆ ನಿಲ್ಲಿಸಬಾರದಿತ್ತು, ತಮ್ಮ ಹತ್ತಿರ ಕರೆತರಬೇಕಿತ್ತು ಅಂದರು ಡಾಕ್ಟರು.

ಅವರ ಕುಲದಲ್ಲಿ ಹೆಣಕ್ಕೂ ಕೊನೆಯ ಕ್ಷೌರ ಮಾಡಿಸುತ್ತಾರೆ. ಚಿಂತಾಮಣಿಯಲ್ಲಿ ಅಂಗಡಿ ಇಟ್ಟಿದ್ದ ಮಾಮನ ತಮ್ಮನ ಮಗ ಬಂದ. ಮದುವೆಯಾಗಿ ಮಕ್ಕಳಿದ್ದವನು, ಮಾಮನ ಹತ್ತಿರವೇ ಕೆಲಸ ಕಲಿತವನು. ಕತ್ತಿ ತೆಗೆದು ಕೂತ. ಬೀದಿಯ ಹಿರಿಯರೊಬ್ಬರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಅವನ ಮುಂದೆ ಲೋಟ ಹಿಡಿದರು. ಅವನ ಕೈ ಆಗಲೇ ಮುಂದೆ ಬಂದಿತ್ತು. ನಾನು ಲೋಟ ಕಿತ್ತುಕೊಂಡು ಚರಂಡಿಗೆ ಚೆಲ್ಲಿದೆ. ಎಲ್ಲರೂ ನನ್ನ ಬಾಯಿ ನೋಡಿದರು, ಮುಂದಿನ ಮಾತಿಗೆ ನಗಬೇಕೋ ಏನೋ ಅಂತ.

ಅವನು ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅಣ್ಣಾ, ಅದಿಲ್ದಿದ್ರೆ ನಂಗೂ ಕೈ ನಿಲ್ಲಲ್ಲ."

"ನಡುಗ್ಲಿ. ಮಾಡು."

ಮಾಡಿದ. ಎರಡು ಕಡೆ ಕೊಯ್ದಿತು, ರಕ್ತ ಬರಲಿಲ್ಲ.

ಸೂತಕ ಕಳೆದ ಮೇಲೆ ನಾನು ಚಿಂತಾಮಣಿ ಬಸ್ಸು ಹತ್ತಿದೆ. ಅವನ ಅಂಗಡಿಯ ಬೆಂಚಿನ ಮೇಲೆ ಮೂರು ಜನ ಕಾಯುತ್ತಿದ್ದರು, ಒಬ್ಬನ ಕಂಕುಳಲ್ಲಿ ಸೀಸೆ ಇತ್ತು. ಅವನು ನನ್ನನ್ನು ಗುರುತಿಸಿದ. ಅವನ ಕಣ್ಣು ಮೊದಲು ಹೋದದ್ದು ನನ್ನ ಕೈಗಳ ಮೇಲೆ. ಬರಿಗೈ. ಬೆಂಚಿನವರು ಏನಾದರೂ ಅನ್ನುವ ಮೊದಲೇ ನಾನು ಹೋಗಿ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿಕೊಂಡೆ.