ಅಜ್ಜಿ ತಿನ್ನಿಸಿದ ಮೊಟ್ಟೆ, ನನ್ನ ಮೈವಾಸನೆ

ನಾನು ಮೈನೆರೆದಾಗ ಅಜ್ಜಿ ದಿನಾ ಬೆಳಗ್ಗೆ ಹಸಿ ನಾಟಿಮೊಟ್ಟೆ ಒಡೆದು ನನ್ನ ಬಾಯಿಗೆ ಸುರಿದು, ಮೇಲೆ ಎಳ್ಳೆಣ್ಣೆ ಕುಡಿಸುತ್ತಿದ್ದಳು. ಹೆಣ್ಣುಮಕ್ಕಳ ಸೊಂಟ ಗಟ್ಟಿಯಾಗಲೆಂದು ನಮ್ಮ ಬಾಗಲೂರು ಕಡೆ ಮನೆಮನೆಯಲ್ಲೂ ನಡೆಯುವ ಆರೈಕೆ ಇದು. ಬೇರೆ ಹುಡುಗಿಯರಿಗೆ ಸ್ವಲ್ಪ ದಿನಕ್ಕೆ ಮುಗಿಯಿತು. ನನಗೆ ಮುಗಿಯಲೇ ಇಲ್ಲ. ಆಗಿನಿಂದಲೇ ನನ್ನ ಮೈಯಿಂದ ಮೀನಿನ ವಾಸನೆ ಬರತೊಡಗಿತ್ತು. ಅದು ನನಗೇ ತಿಳಿಯುತ್ತಿರಲಿಲ್ಲ. ಅವ್ವ ಮುಖ ತಿರುಗಿಸಿದಾಗಲೇ ಗೊತ್ತಾಗುತ್ತಿದ್ದುದು. ಅಜ್ಜಿಗೂ ತಿಳಿಯದು. ನಶ್ಯ ಏರಿಸಿ ಏರಿಸಿ ಅವಳ ಮೂಗು ಎಂದೋ ಸತ್ತಿತ್ತು.

"ಮೈಯಾಗೆ ಸತ್ವ ಇಲ್ದಿದ್ರೆ ಬೆವರು ನಾತ ಹೊಡೀತೈತೆ, ಅಷ್ಟೇಯ," ಎಂದು ಅವ್ವನಿಗೆ ಹೇಳಿ ಅಜ್ಜಿ ಒಂದು ಮೊಟ್ಟೆಯನ್ನು ಎರಡು ಮಾಡಿದಳು.

ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಂಪನಿ ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ನನ್ನ ಪಕ್ಕದ ಸೀಟು ಖಾಲಿ.

"ಕಿಟಕಿ ತೆಗೀರೇ, ಮೀನ್ ಮಾರ್ಕೆಟ್ ಬಸ್ ಹತ್ತೈತೆ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಎಲ್ಲರೊಡನೆ ನಾನೂ ನಕ್ಕೆ. ನಗದೆ ಏನು ಮಾಡಲಿ? ಸೀಗೆಪುಡಿ, ನಿಂಬೆಹಣ್ಣು, ಎರಡು ಹೊತ್ತು ಸ್ನಾನ ಎಲ್ಲ ಆಗಿತ್ತು.

ಕೊನೆಗೆ ಸೂಪರ್‌ವೈಸರ್ ಕರೆದರು. "ನಿನ್ ಪಕ್ಕ ಯಾರೂ ನಿಲ್ಲಾಕಿಲ್ಲ ಅಂತಾರೆ ಕಣಮ್ಮ. ಇಂಗೇ ಆದ್ರೆ ಬೇರೆಯೋರ್ನ ಹಾಕ್ಬೇಕಾಯ್ತದೆ."

ಕೃಷ್ಣಗಿರಿಯ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಮೂಗು ಮುಚ್ಚಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ, "ಇದು ಕೊಳೆಯಲ್ಲ," ಎಂದರು. "ಮೊಟ್ಟೆ, ಮೀನು, ಅವರೆಕಾಳು ಇಂಥವು ಹೊಟ್ಟೆಯಲ್ಲಿ ಕರಗುವಾಗ ಮೀನುನಾತದ ಒಂದು ವಸ್ತು ಹುಟ್ಟುತ್ತೆ, ಎಲ್ಲರಿಗೂ. ಲಿವರಿನ ಒಂದು ಕಿಣ್ವ ಆ ನಾತ ತೆಗೆಯುತ್ತೆ. ನಿನ್ನ ಕಿಣ್ವಕ್ಕೆ ಹುಟ್ಟಿನಿಂದಲೇ ಕಸುವಿಲ್ಲ. ಉಳಿದದ್ದು ಬೆವರಲ್ಲಿ, ಉಸಿರಲ್ಲಿ ಹೊರಗೆ ಬರುತ್ತೆ." ಪೂರ್ತಿ ವಾಸಿಯಾಗದು, ಪಥ್ಯ ಮಾಡಿದರೆ ತಗ್ಗೀತು ಎಂದರು. "ಮೊಟ್ಟೆ ತಿಂತೀಯಾ?"

"ದಿನಾ ಎರಡು," ಎಂದೆ.

ಮನೆಗೆ ಬಂದಾಗ ಅಜ್ಜಿ ಕೋಳಿಗಳನ್ನು ಮಂಕರಿಯಡಿ ಮುಚ್ಚುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಅಲ್ಲೇ ಕುಕ್ಕರಿಸಿದಳು.

"ಅಂಗಾದ್ರೆ ನಾನೇ ತಿನ್ಸಿದ್ನಾ ಮಗಾ?"

"ಇಲ್ಲ ಕಣಜ್ಜಿ, ಹುಟ್ನಿಂದ ಬಂದಿದ್ದಂತೆ."

"ಹುಟ್ನಿಂದ ಬಂದಿದ್ಕೆ ನಾನು ಗೊಬ್ರ ಹಾಕ್ದೆ."

ನಶ್ಯದ ಡಬ್ಬಿಯನ್ನು ಅವತ್ತೇ ತಿಪ್ಪೆಗೆಸೆದಳು. ನಶ್ಯವಿಲ್ಲದೆ ಎಲ್ಲರ ಮೇಲೂ ಸಿಡುಕಿದಳು, ಮತ್ತೆ ಮುಟ್ಟಲಿಲ್ಲ. ನಾನು ಪಥ್ಯ ಹಿಡಿದೆ. ಅವಳ ಮೂಗು ಮೆಲ್ಲಗೆ ತೆರೆಯಿತು. ಆಮೇಲೆ ದಿನಾ ಬಸ್ಸಿನ ಹೊತ್ತಿಗೆ ನನ್ನ ಕತ್ತಿಗೆ ಮೂಗು ತಂದು, "ಇವತ್ತಿಲ್ಲ, ಓಗು," ಎನ್ನುವಳು. ಅವಳ ಮಾತು ನಂಬಿಯೇ ಬಸ್ಸು ಹತ್ತುತ್ತಿದ್ದೆ. ಒಮ್ಮೊಮ್ಮೆ ಪಕ್ಕದಲ್ಲಿ ಯಾರಾದರೂ ಕೂರುತ್ತಲೂ ಇದ್ದರು.

ಈಗ ಅವರೆಕಾಯಿ ಕಾಲ. ನಿನ್ನೆ ಆಸೆ ತಡೆಯಲಾರದೆ ಎರಡು ಸೌಟು ಸಾರು ಹಾಕಿಸಿಕೊಂಡಿದ್ದೆ. ಬೆಳಗ್ಗೆ ಅಜ್ಜಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಐತೆ ಮಗಾ."

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ಓಗ್ಲಾ, ಬ್ಯಾಡ್ವಾ ಅಜ್ಜಿ?"

ಅವಳು ನನ್ನ ದುಪ್ಪಟ್ಟಾ ಸರಿಮಾಡಿದಳು. "ಓಗು. ಕಿಟಕಿ ತಾವ ಕೂತ್ಕ."