ಸೀ ಬಾಸ್ ಅಂತ ಬರೆದಿತ್ತು

ಎರಡು ತುಂಡು ಮೀನು ನನ್ನ ಇಡೀ ವಾರ ಕೆಡಿಸಿತು.

ಮಗಳು ಈಗ ಐದು ತಿಂಗಳ ಗರ್ಭಿಣಿ. ಬಸವೇಶ್ವರನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಮೀನು ತಿನ್ನಿ, ಆದರೆ ಶಾರ್ಕ್ ಬೇಡ, ಅದರಲ್ಲಿ ಪಾದರಸ ಜಾಸ್ತಿ, ಮಗುವಿಗೆ ಒಳ್ಳೆಯದಲ್ಲ ಎಂದು ಅವಳ ಡಾಕ್ಟರ್ ಹೇಳಿದ್ದರು. ಶಾರ್ಕ್ ಯಾರು ತರ್ತಾರೆ ಅಂತ ನಾನು ನಕ್ಕಿದ್ದೆ.

ಭಾನುವಾರ ವಿಜಯನಗರದ ಅಂಗಡಿಯೊಂದರಿಂದ ಬೋನ್‌ಲೆಸ್ ಮೀನು ತಂದೆ. ಪ್ಯಾಕೆಟ್ ಮೇಲೆ ‘ಸೀ ಬಾಸ್’ ಅಂತ ಸ್ಟಿಕ್ಕರ್. ನಾನೇ ಹುರಿದೆ (ಹೆಂಡತಿ ಮೀನು ಮುಟ್ಟುವುದಿಲ್ಲ). ಮಗಳು ಚೆನ್ನಾಗಿದೆ ಅಂತ ತಿಂದಳು.

ಸೋಮವಾರ ಬೆಳಿಗ್ಗೆ, ಉಳಿದಿದ್ದ ಹಸಿ ಮೀನನ್ನು ಮಹಡಿ ಮನೆಯ ಬಾಡಿಗೆದಾರರಿಗೆ ಕೊಟ್ಟೆ. ಕುಂದಾಪುರದವರು, ಮೀನು ಬಲ್ಲವರು. ಹತ್ತೇ ನಿಮಿಷಕ್ಕೆ ಆ ಮನೆಯಾಕೆ ಡಬ್ಬಿ ಹಿಡಿದು ಕೆಳಗಿಳಿದರು. ಒಂದು ತುಂಡಿನ ಅಂಚಿನಲ್ಲಿ ಚೂರು ಚರ್ಮ ಉಳಿದಿತ್ತು. ಮುಟ್ಟಿ ನೋಡಿ ಎಂದರು. ಸ್ಯಾಂಡ್‌ಪೇಪರ್ ಹಾಗೆ ಒರಟು.

“ಇದು ಶಾರ್ಕ್ ಅಲ್ವಾ ಮಾರಾಯ್ರೆ? ನಿಮಗೆ ಯಾರು ಕೊಟ್ಟದ್ದು?”

ಮಗಳು ಆಫೀಸಿಗೆ ಹೊರಟಾಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಒಂದು ಸಲಕ್ಕೆ ಏನೂ ಆಗಲ್ಲ, ಗಾಬರಿ ಬೇಡ ಎಂದರು. ಬೇಡ ಅಂದರೆ ಹೋಗುತ್ತದೆಯೇ ಗಾಬರಿ?

ಅಂಗಡಿಗೆ ಹೋದೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ.

“ಸಾರ್, ಬಾಕ್ಸ್ ಬರುವಾಗ್ಲೇ ಹಂಗಂತ ಬರ್ದಿರುತ್ತೆ. ನಾವು ಕಟ್ ಮಾಡಿ ಸ್ಟಿಕ್ಕರ್ ಹಾಕ್ತೀವಿ ಅಷ್ಟೇ.”

ಬಾಕ್ಸ್ ಕೊಟ್ಟಿದ್ದು ಏಜೆಂಟ್. ಏಜೆಂಟ್‌ಗೆ ಕೊಟ್ಟಿದ್ದು? ಅದು ಅಂಗಡಿಯವನಿಗೂ ಗೊತ್ತಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ ಅನ್ನಿಸಿತು. ನನಗೆ ಹೆಚ್ಚು ಭಯವಾಗಿದ್ದೇ ಆಗ.

ಆಹಾರ ಸುರಕ್ಷತಾ ಇಲಾಖೆಗೆ ಆನ್‌ಲೈನ್‌ನಲ್ಲಿ ದೂರು ಕೊಟ್ಟೆ. ಸ್ವೀಕರಿಸಿದ್ದೇವೆ ಅಂತ ಮೆಸೇಜ್ ಬಂತು. ಮೀನಿನ ತುಂಡು ಇನ್ನೂ ಫ್ರೀಜರ್‌ನಲ್ಲಿದೆ. ಯಾರೂ ಬಂದಿಲ್ಲ. ಮಳೆಗಾಲದಲ್ಲಿ ಬೋಟ್ ಕಡಲಿಗಿಳಿಯಬಾರದು, ಬಲೆಯ ಕಣ್ಣು ಇಷ್ಟೇ ಇರಬೇಕು ಅಂತೆಲ್ಲ ನಿಯಮ ಇದೆ. ಪ್ಯಾಕೆಟ್ ಮೇಲೆ ಸುಳ್ಳು ಬರೆಯಬಾರದು ಅಂತಲೂ ಇದೆ. ಆದರೆ ಪ್ಯಾಕೆಟ್ ಬಿಚ್ಚಿ ನೋಡುವವರು ಯಾರು?

ಆ ಸೋಮವಾರ ಸಂಜೆಯೇ ಮಗಳಿಗೆ ಎಲ್ಲ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

“ಅಪ್ಪ, ನೀನ್ಯಾಕೆ ತಪ್ಪು ಮಾಡ್ದೋನ ಥರ ಕೂತಿದೀಯ?” ಅಂದಳು. ಆದರೆ ಅವಳ ಕೈ ಹೊಟ್ಟೆಯ ಮೇಲೆ ಹೋಗಿತ್ತು.

ಮುಂದಿನ ವಾರ ಸ್ಕ್ಯಾನ್. ಎಲ್ಲ ಸರಿ ಇರುತ್ತದೆ ಅಂತ ಡಾಕ್ಟರ್ ಮತ್ತೆ ಹೇಳಿದ್ದಾರೆ. ನಾನು ದಿನ ಎಣಿಸುತ್ತಿದ್ದೇನೆ.

ಆ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇದೆ. ಹತ್ತು ಗ್ರಾಂ ಕಮ್ಮಿ ತೂಗಿದರೆ ನಾನು ಕೇಳಬಹುದು. ಮೀನೇ ಬೇರೆಯಾದರೆ ಯಾರನ್ನು ಕೇಳಲಿ?